ತುಮಕೂರಿನ ಗಾಳಿ ನಕ್ಷೆ: ಚಳಿಗಾಲದ ಸುತ್ತು ಮುಗಿಯಿತು

ಊರಿನ ಯಾವ ಜಾಗದ ಗಾಳಿ ಹೆಚ್ಚು ಕೊಳಕು ಎಂದು ತೋರಿಸುವ ನನ್ನ ನಕ್ಷೆಗೆ ಒಂದು ರೂಪ ಬಂದಿದೆ. ಕ್ಯಾತ್ಸಂದ್ರದಿಂದ ಬಟವಾಡಿ, ಬಿ.ಎಚ್. ರಸ್ತೆ, ಟೌನ್‌ಹಾಲ್ ವೃತ್ತ, ಗುಬ್ಬಿ ಗೇಟ್‌ವರೆಗೆ ಒಂದು ದಾರಿ. ಶಿರಾ ಗೇಟ್‌ನಿಂದ ಅಂತರಸನಹಳ್ಳಿಗೆ ಇನ್ನೊಂದು. ಸ್ಕೂಟರಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಗಾಳಿಯಲ್ಲಿನ ಕಣಗಳನ್ನು ಅಳೆಯುವ ಪಿಎಂಎಸ್5003 ಸಂವೇದಕ, ಜಿಪಿಎಸ್, ತೇವಾಂಶ ಮಾಪಕ, ಮೆಮೊರಿ ಕಾರ್ಡ್ ಇವೆ. ಸ್ಕೂಟರ್ ವಿದ್ಯುತ್ತಿನದು, ಹಾಗಾಗಿ ನನ್ನ ಹೊಗೆಯನ್ನು ನಾನೇ ಅಳೆದುಕೊಳ್ಳುವ ಭಯವಿಲ್ಲ.

ಎಲ್ಲರೂ ಕೇಳುವುದು ಒಂದೇ: "ಮಿತಿ ದಾಟಿದೆಯೇ?" ಪಿಎಂ2.5ಕ್ಕೆ, ಅಂದರೆ 2.5 ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳಿಗೆ, ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆದರೆ ಎರಡೂ 24 ಗಂಟೆಗಳ ಸರಾಸರಿ. ಸಿಗ್ನಲ್‌ನಲ್ಲಿ ಲಾರಿಯ ಹಿಂದೆ ಅರೆ ನಿಮಿಷ ನಿಂತಾಗ ಬಂದ ಅಂಕಿಯನ್ನು ಅವುಗಳ ಪಕ್ಕ ಇಡುವುದು ಅನ್ಯಾಯ. ಆದ್ದರಿಂದ ನಕ್ಷೆಯಲ್ಲಿ ಅಂಕಿಗಳಿಲ್ಲ. ಒಂದೇ ಸುತ್ತಿನಲ್ಲಿ ಯಾವ ಜಾಗ ಯಾವುದಕ್ಕಿಂತ ಹೆಚ್ಚು ಎಂಬುದಷ್ಟೇ ಬಣ್ಣದಲ್ಲಿದೆ.

ಕಡುಗೆಂಪು ಬಂದದ್ದು ಹೆದ್ದಾರಿಯಲ್ಲಲ್ಲ, ಬಡಾವಣೆಗಳ ಒಳರಸ್ತೆಗಳಲ್ಲಿ. ಬೆಳಿಗ್ಗೆ ಗುಡಿಸಿ ಗುಡ್ಡೆ ಹಾಕಿದ ಎಲೆ, ಅದರೊಳಗೆ ಪ್ಲಾಸ್ಟಿಕ್ ಕವರ್, ಹಾಲಿನ ಪ್ಯಾಕೆಟ್, ಮೇಲೊಂದು ಬೆಂಕಿಕಡ್ಡಿ. "ಗಾಡಿ ಬರುವಷ್ಟರಲ್ಲಿ ಗಾಳಿಗೆ ಮತ್ತೆ ಹರಡುತ್ತದೆ ಸಾರ್, ಇನ್ನೇನು ಮಾಡುವುದು?" ಎಂದರು ಒಬ್ಬರು. ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅವರಿಗೆ ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹೊತ್ತಿಗೆ ವಾಹನಗಳು ಕಡಿಮೆ. ಆದರೂ ಅಂಕಿ ಏರುವುದಕ್ಕೆ ಕಾರಣ ನೆಲದ ತಂಪು. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ಅದಕ್ಕಂಟಿದ ಗಾಳಿಯೂ ತಣಿಯುತ್ತದೆ. ಅದರ ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂರುತ್ತದೆ. ಬಿಸಿಲು ಏರುವವರೆಗೆ ಹೊಗೆ ಬೀದಿಯಲ್ಲೇ ಉಳಿಯುತ್ತದೆ. ಕಾರ್ಖಾನೆಯ ಚಿಮಣಿ ಎಷ್ಟೇ ಉಗುಳಿದರೂ ಎತ್ತರದಲ್ಲಿ ಉಗುಳುತ್ತದೆ. ಗುಡ್ಡೆಯ ಬೆಂಕಿ ಹೊಗೆ ಬಿಡುವುದು ಮೂಗಿನ ಮಟ್ಟದಲ್ಲಿ, ಶಾಲೆಯ ವ್ಯಾನಿಗೆ ಮಕ್ಕಳು ಕಾಯುವ ಹೊತ್ತಿನಲ್ಲಿ.

ಹಾಗೆಂದು ಊರಿನ ಗಾಳಿ ಕೆಡಲು ಕಸದ ಬೆಂಕಿಯೇ ದೊಡ್ಡ ಕಾರಣ ಎಂದು ನಾನು ಬರೆಯುವುದಿಲ್ಲ. ಈ ಸಂವೇದಕ ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುವುದನ್ನು ಎಣಿಸುತ್ತದೆ. 0.3 ಮೈಕ್ರಾನ್‌ಗಿಂತ ಚಿಕ್ಕ ಕಣ ಅದಕ್ಕೆ ಕಾಣುವುದೇ ಇಲ್ಲ, ಮತ್ತು ಡೀಸೆಲ್ ಮಸಿಯ ಹೆಚ್ಚಿನ ಕಣಗಳು ಅಷ್ಟೇ ಚಿಕ್ಕವು. ದಪ್ಪ ರಸ್ತೆ ಧೂಳನ್ನು ಅದರ ಪುಟ್ಟ ಫ್ಯಾನ್ ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಪಿಎಂ10 (10 ಮೈಕ್ರಾನ್‌ವರೆಗಿನ ಕಣ) ಎಂದು ತೋರಿಸುವ ಅಂಕಿ ಬಹುಪಾಲು ಅಂದಾಜು. ನಡುವಿನ ಗಾತ್ರದ ಹೊಗೆಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಅಂದರೆ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳಿಗೂ ಅಗೆದು ಮುಚ್ಚಿದ ರಸ್ತೆಗಳಿಗೂ ನನ್ನ ನಕ್ಷೆ ಪುಕ್ಕಟೆ ರಿಯಾಯಿತಿ ಕೊಡುತ್ತಿದೆ. ಶಿರಾ ಗೇಟ್ ಬಳಿ ಕಣ್ಣಿಗೇ ಧೂಳು ಬೀಳುತ್ತಿದ್ದಾಗ ಪರದೆಯ ಮೇಲೆ ಹಸಿರು ಬಣ್ಣ ನೋಡಿ ನಗು ಬಂತು. ಅಮಾನಿಕೆರೆ ದಂಡೆಯಲ್ಲಿ ಇದರ ತಿರುಗುಮುರುಗು: ಮಂಜಿನಲ್ಲಿ ನೀರು ಹೀರಿ ಉಬ್ಬಿದ ಕಣಗಳನ್ನು ಅದು ಕೊಳಕು ಗಾಳಿ ಎಂದಿತು. ತೇವಾಂಶ ಹೆಚ್ಚಿದ್ದ ಬೆಳಗುಗಳನ್ನು ಕೈಬಿಟ್ಟಿದ್ದೇನೆ.

ಧೂಳಿಗೆ ಬೇರೆ ಉಪಾಯ ಹೂಡಿದ್ದೇನೆ. ಗಾಜಿನ ತುಂಡುಗಳಿಗೆ ವ್ಯಾಸಲೀನ್ ಸವರಿ ಪರಿಚಯದವರ ಕಾಂಪೌಂಡ್ ಗೋಡೆಗಳ ಮೇಲೆ ಇಟ್ಟು, ವಾರದ ನಂತರ ಭೂತಗನ್ನಡಿಯಲ್ಲಿ ನೋಡುವುದು. ಕಂದು ಮಣ್ಣು, ಬಿಳಿ ಸಿಮೆಂಟ್, ಕರಿ ಮಸಿ ಎಂದು ಬಣ್ಣದಿಂದ ಸ್ಥೂಲವಾಗಿ ಬೇರ್ಪಡಿಸಬಹುದು. ಬಿ.ಎಚ್. ರಸ್ತೆಯ ಗಾಜು ಸವರಿದ ಮೂರನೇ ದಿನಕ್ಕೇ ಕಾಣೆಯಾಯಿತು, ಯಾರಿಗೆ ಏನು ಉಪಯೋಗವಾಯಿತೋ.

ಮುಂದಿನದು ಮುಂಗಾರಿನ ಸುತ್ತು. ಚಳಿಗಾಲದಲ್ಲಿ ಪೂರ್ವದ ಗಾಳಿ ಹೆದ್ದಾರಿಯ ಕಡೆಯಿಂದ ಊರಿನೊಳಗೆ ಬೀಸುತ್ತದೆ, ಜೂನ್ ನಂತರ ಪಶ್ಚಿಮದಿಂದ. ಹೆದ್ದಾರಿಯ ಪಾಲನ್ನು ಅಂದಾಜಿಸಲು ಎರಡನ್ನೂ ಹೋಲಿಸಬೇಕು. ಅದಕ್ಕೆ ಒಂದೇ ಕಡೆ ನಿಲ್ಲುವ ಇನ್ನೊಂದು ಪೆಟ್ಟಿಗೆ ಸಿದ್ಧವಾಗುತ್ತಿದೆ. ಅಂತರಸನಹಳ್ಳಿ ಕಡೆ ತಾರಸಿ ಇರುವವರು, ಮಳೆ ನೀರು ತಾಗದ ಒಂದು ಮೂಲೆ ಮತ್ತು ಒಂದು ಪ್ಲಗ್ ಕೊಟ್ಟರೆ ಸಾಕು. ಕರೆಂಟಿನ ಖರ್ಚು ನನ್ನದು.