ರೇಖಾಗಣಿತದ ಪದಗಳು: ಚಿತ್ರಕ್ಕಿಂತ ನಿಬಂಧನೆ ಮುಖ್ಯ

ಆರರಿಂದ ಎಂಟನೇ ತರಗತಿಯೊಳಗೆ ಮಕ್ಕಳು ರೇಖಾಗಣಿತದ ಬಹಳಷ್ಟು ಪದಗಳನ್ನು ಮೊದಲ ಬಾರಿಗೆ ಎದುರಿಸುತ್ತಾರೆ. ಬಿಂದು, ಕಿರಣ, ಶೃಂಗ, ಬಾಹು, ಕರ್ಣ, ತ್ರಿಜ್ಯ, ಜ್ಯಾ ಮೊದಲಾದವನ್ನು ಚಿತ್ರ ನೋಡಿ ಗುರುತಿಸುವುದು ಅವರಿಗೆ ಬೇಗ ರೂಢಿಯಾಗುತ್ತದೆ. ಆದರೆ ರೇಖಾಗಣಿತದಲ್ಲಿ ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ನಿಬಂಧನೆ ಇರುತ್ತದೆ. ಮಗು ಚಿತ್ರವನ್ನಷ್ಟೇ ನೆನಪಿಟ್ಟುಕೊಂಡರೆ, ಪುಸ್ತಕದಲ್ಲಿ ನೆಟ್ಟಗೆ ಕುಳಿತ ಚೌಕವನ್ನು ಚೌಕವೆಂದು ಕರೆದು, ಅದನ್ನೇ ಓರೆಯಾಗಿ ತಿರುಗಿಸಿದ ಕೂಡಲೇ ಅದು ಚೌಕವಲ್ಲ ಎನ್ನುತ್ತದೆ. ಗಣಿತ ಕಲಿಸುವವಳಾಗಿ ನನಗೆ ಈ ಭಾಗದಲ್ಲಿ ಅತ್ಯಂತ ಕಾಳಜಿಯ ವಿಷಯ ಇದೇ.

ಆರಂಭದ ಪದಗಳಲ್ಲಿ ತೊಡಕು ಕಡಿಮೆ. ಸರಳರೇಖೆಗೆ ಎರಡೂ ಕಡೆ ಕೊನೆಯಿಲ್ಲ, ಕಿರಣಕ್ಕೆ ಆರಂಭ ಬಿಂದು ಮಾತ್ರ ಇದೆ, ರೇಖಾಖಂಡಕ್ಕೆ ಎರಡು ಅಂತ್ಯಬಿಂದುಗಳಿವೆ. ಆದ್ದರಿಂದ ಮೂರರಲ್ಲಿ ಅಳೆಯಲು ಬರುವುದು ರೇಖಾಖಂಡದ ಉದ್ದ ಮಾತ್ರ. ಕೋನದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬಾಹುಗಳನ್ನು ಉದ್ದವಾಗಿ ಎಳೆದರೆ ಕೋನ ದೊಡ್ಡದಾಯಿತೆಂದು ಅನೇಕ ಮಕ್ಕಳು ತಿಳಿಯುತ್ತಾರೆ. ಕೋನಮಾಪಕದ ಮೇಲೆ ಎಡದಿಂದ ಬಲಕ್ಕೆ ಒಂದು, ಬಲದಿಂದ ಎಡಕ್ಕೆ ಇನ್ನೊಂದು ಎಂದು ಎರಡು ಸಾಲು ಅಂಕಿಗಳಿರುವುದರಿಂದ 50 ಡಿಗ್ರಿಯ ಕೋನವನ್ನು 130 ಎಂದು ಓದುವವರೂ ಇದ್ದಾರೆ. ಅಳೆಯುವ ಮೊದಲೇ ‘ಇದು ಲಘುಕೋನವೋ, ವಿಶಾಲಕೋನವೋ’ ಎಂದು ಹೇಳಿಸಿದರೆ, 90ಕ್ಕಿಂತ ಕಡಿಮೆ ಬರಬೇಕಾದ ಕಡೆ 130 ಬಂದದ್ದನ್ನು ಮಗುವೇ ಕಂಡುಹಿಡಿದು ತಿದ್ದಿಕೊಳ್ಳುತ್ತದೆ. ಪದದ ಉಪಯೋಗವೇನೆಂಬುದು ಆಗ ಅದಕ್ಕೆ ಅರ್ಥವಾಗುತ್ತದೆ.

ಚತುರ್ಭುಜಗಳಿಗೆ ನಾನು ಬೆಂಕಿಕಡ್ಡಿ ಮತ್ತು ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬ್ ಬಳಸುತ್ತೇನೆ. ಮದ್ದು ಕೆರೆದು ತೆಗೆದ ನಾಲ್ಕು ಕಡ್ಡಿಗಳನ್ನು ನಾಲ್ಕು ಸಣ್ಣ ಟ್ಯೂಬ್ ತುಂಡುಗಳಿಂದ ಜೋಡಿಸಿದರೆ ಚೌಕವಾಗುತ್ತದೆ. ಅದರ ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಆಕೃತಿ ವಾಲುತ್ತದೆ: ಕಡ್ಡಿಗಳ ಉದ್ದ ಬದಲಾಗಲಿಲ್ಲ, ಆದ್ದರಿಂದ ಸುತ್ತಳತೆಯೂ ಬದಲಾಗಲಿಲ್ಲ, ಆದರೆ ಎರಡು ಕೋನಗಳು ಲಘುವಾದವು, ಎರಡು ವಿಶಾಲವಾದವು, ಎದುರುಬದುರು ಮೂಲೆಗಳನ್ನು ಸೇರಿಸುವ ಕರ್ಣಗಳಲ್ಲಿ ಒಂದು ಉದ್ದವಾಯಿತು, ಇನ್ನೊಂದು ಮೋಟಾಯಿತು, ವಿಸ್ತೀರ್ಣ ಕುಗ್ಗಿತು. ನಾಲ್ಕೂ ಬಾಹುಗಳು ಸಮವಾಗಿದ್ದರೆ ಸಾಕು, ಅದು ವಜ್ರಾಕೃತಿ. ಹಾಗಾದರೆ ಒತ್ತುವ ಮೊದಲು ಇದ್ದದ್ದೂ ವಜ್ರಾಕೃತಿಯೇ ಅಲ್ಲವೇ ಎಂದು ಕೇಳಿದಾಗ ತರಗತಿಯಲ್ಲಿ ವಾದ ಹುಟ್ಟುತ್ತದೆ, ಹುಟ್ಟಬೇಕು. ಚೌಕವೆಂದರೆ ಕೋನಗಳೆಲ್ಲವೂ ಲಂಬಕೋನವಾಗಿರುವ ವಜ್ರಾಕೃತಿ. ಬಾಹುಗಳೆಲ್ಲವೂ ಸಮವಾಗಿರುವ ಆಯತವೂ ಅದೇ. ಮೂರು ಕಡ್ಡಿಗಳ ತ್ರಿಭುಜವನ್ನು ಎಷ್ಟು ಒತ್ತಿದರೂ ಅದು ವಾಲುವುದಿಲ್ಲವೆಂಬುದನ್ನು ಮಕ್ಕಳು ತಾವಾಗಿಯೇ ಗಮನಿಸುತ್ತಾರೆ.

ಈ ವಾದದಲ್ಲಿ ‘ಚೌಕ ಆಯತವಲ್ಲ’ ಎಂದು ಹಟ ಹಿಡಿಯುವ ಮಗುವನ್ನು ದಡ್ಡನೆಂದು ಕಾಣಬಾರದು. ಕ್ರಿ.ಪೂ. 300ರ ಸುಮಾರಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಲಂಬಕೋನಗಳಿದ್ದು ಬಾಹುಗಳು ಸಮವಲ್ಲದ ಆಕೃತಿಗೆ ಬೇರೆಯೇ ಹೆಸರಿಟ್ಟು ಚೌಕವನ್ನು ಅದರಿಂದ ಹೊರಗಿಟ್ಟಿದ್ದ. ತ್ರಿಭುಜದಲ್ಲೂ ಎರಡು ಬಾಹುಗಳು ಮಾತ್ರ ಸಮವಿದ್ದರೆ ಸಮದ್ವಿಬಾಹು ಎಂದಿದ್ದ. ಇಂದಿನ ಶಾಲಾ ಪಠ್ಯಗಳು ಚೌಕವನ್ನು ಆಯತದೊಳಗೆ ಸೇರಿಸಿಕೊಳ್ಳುತ್ತವೆ, ಏಕೆಂದರೆ ಆಯತದ ಕರ್ಣಗಳು ಸಮವೆಂದು ಒಮ್ಮೆ ಸಾಧಿಸಿದರೆ ಚೌಕಕ್ಕಾಗಿ ಮತ್ತೆ ಸಾಧಿಸುವ ಕೆಲಸ ಉಳಿಯುವುದಿಲ್ಲ. ನಮ್ಮದೇ ನೆಲದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರು ತ್ರಿಭುಜಗಳನ್ನು ಮೂರು ಬಗೆಯಾಗಿ, ಚತುರ್ಭುಜಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಮೂರು ಬಾಹುಗಳು ಮಾತ್ರ ಸಮವಾಗಿರುವ ಚತುರ್ಭುಜಕ್ಕೂ ಅವರಲ್ಲಿ ಪ್ರತ್ಯೇಕ ಸ್ಥಾನವಿತ್ತು. ವಿಂಗಡಣೆ ಮನುಷ್ಯರು ಮಾಡಿಕೊಂಡ ಆಯ್ಕೆಯೆಂದು ತಿಳಿದ ಮಗು ವ್ಯಾಖ್ಯೆಯನ್ನು ಇನ್ನಷ್ಟು ಎಚ್ಚರದಿಂದ ಓದುತ್ತದೆ.

ತ್ರಿಭುಜದ ಎತ್ತರವೂ, ಅಂದರೆ ಶೃಂಗದಿಂದ ಎದುರಿನ ಬಾಹುವಿಗೆ (ಪಾದಕ್ಕೆ) ಎಳೆದ ಲಂಬವೂ, ಚಿತ್ರದಿಂದಷ್ಟೇ ತಿಳಿಯದ ಇಂಥದ್ದೇ ಪದ. ಪಾದ ಯಾವಾಗಲೂ ಕೆಳಗಿರಬೇಕಾಗಿಲ್ಲ, ಯಾವ ಬಾಹುವನ್ನಾದರೂ ಪಾದವೆಂದು ಆರಿಸಿಕೊಳ್ಳಬಹುದು. ವಿಶಾಲಕೋನ ತ್ರಿಭುಜದಲ್ಲಿ ಎರಡು ಎತ್ತರಗಳು ಆಕೃತಿಯ ಹೊರಗೇ ಬೀಳುತ್ತವೆ. ಮೂಲೆಮಟ್ಟ ಇಟ್ಟು ಎಳೆದು ನೋಡದ ಹೊರತು ಮಕ್ಕಳು ಇದನ್ನು ಒಪ್ಪುವುದಿಲ್ಲ.

ಪರೀಕ್ಷೆಯಲ್ಲಿ ‘ಆಯತವನ್ನು ವ್ಯಾಖ್ಯಾನಿಸಿ’ ಎಂದು ಕೇಳುವ ಬದಲು, ‘ಕರ್ಣಗಳು ಸಮವಾಗಿದ್ದೂ ಆಯತವಲ್ಲದ ಚತುರ್ಭುಜವೊಂದನ್ನು ರಚಿಸಿ’ ಎಂದು ಕೇಳುವುದನ್ನು ನಾನು ಇಷ್ಟಪಡುತ್ತೇನೆ. ಒಂದು ವೃತ್ತ ಎಳೆದು, ಅದರಲ್ಲಿ ಬೇರೆ ಬೇರೆ ಉದ್ದದ ಎರಡು ಸಮಾಂತರ ಜ್ಯಾಗಳನ್ನು (ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡಗಳನ್ನು) ಎಳೆದು ತುದಿಗಳನ್ನು ಸೇರಿಸಿದರೆ, ಓರೆ ಬಾಹುಗಳು ಸಮವಾಗಿರುವ ತ್ರಾಪಿಜ್ಯ (ಒಂದು ಜೊತೆ ಎದುರು ಬಾಹುಗಳು ಸಮಾಂತರವಾಗಿರುವ ಚತುರ್ಭುಜ) ಸಿಗುತ್ತದೆ. ಅದರ ಎರಡೂ ಕರ್ಣಗಳನ್ನು ಅಳತೆಪಟ್ಟಿಯಿಂದ ಅಳೆದು ನೋಡಬಹುದು.