ಡ್ರೋನ್‌ಗೂ ಒಂದು ಗೆರೆ ಬೇಕಲ್ವಾ

ನಮ್ಮ ಗದಗ ಕಡೆ ಹಳ್ಳಿಗಳಲ್ಲಿ, ಮನೆ-ಜಾಗ ಅಳೆದು ಹಕ್ಕಿನ ದಾಖಲೆ ಕೊಡುವ ಸ್ವಾಮಿತ್ವ ಯೋಜನೆಯ ಡ್ರೋನ್ ಹಾರುವ ಮುಂಚೆ ಮನೆ, ಜಾಗದ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ. ಜಗಳ ಶುರುವಾಗುವುದೇ ಆಗ. ಹಿತ್ತಲು ಯಾರದ್ದು, ಬಚ್ಚಲ ನೀರು ಯಾವ ಕಡೆ ಹೋಗಬೇಕು, ಎಲ್ಲಾ ಹೊರಗೆ ಬರುತ್ತದೆ. ಬರಲಿ ಬಿಡಿ. ಏನು ಅಳೆಯುತ್ತಾರೆ, ಯಾಕೆ ಅಳೆಯುತ್ತಾರೆ ಅಂತ ಜನರಿಗೆ ಮೊದಲೇ ಗೊತ್ತಿರುತ್ತದೆ. ತಕರಾರು ಹೇಳಲು ಜಾಗವೂ ಇದೆ.

ಪೊಲೀಸರ ಡ್ರೋನ್‌ಗೂ ಅಂಥದ್ದೊಂದು ಗೆರೆ ಬೇಕು. ಹುಬ್ಬಳ್ಳಿಯ ಗಣಪತಿ ಮೆರವಣಿಗೆಯಂಥ ಗದ್ದಲದಲ್ಲಿ ಮೇಲಿಂದ ನೋಡುವ ಅವರ ಡ್ರೋನ್ ಕ್ಯಾಮೆರಾ ಬೇಡ ಅಂತ ನಾನು ಹೇಳುವುದಿಲ್ಲ. ನೂಕುನುಗ್ಗಲು ಬೇಗ ಕಾಣುತ್ತದೆ. ಆದರೆ ಆ ವಿಡಿಯೊ ಎಷ್ಟು ದಿನ ಇಡಬೇಕು? ಎಐ ಹಚ್ಚಿ ಒಬ್ಬೊಬ್ಬರ ಮುಖ ಹುಡುಕಬಹುದಾ? 2021ರ ಡ್ರೋನ್ ನಿಯಮಗಳು ತೂಕ, ನೋಂದಣಿ, ಎಲ್ಲಿ ಎಷ್ಟು ಎತ್ತರ ಹಾರಬಹುದು ಅನ್ನುವುದನ್ನೇ ಜಾಸ್ತಿ ನೋಡುತ್ತವೆ. 2023ರ ಡೇಟಾ ರಕ್ಷಣೆ ಕಾಯ್ದೆಯ 17ನೇ ಕಲಂನಲ್ಲಂತೂ ಭದ್ರತೆ, ಶಾಂತಿಪಾಲನೆ ಅಂತ ಸರ್ಕಾರಿ ಸಂಸ್ಥೆಗಳನ್ನೇ ಆ ಕಾಯ್ದೆಯಿಂದ ಹೊರಗಿಡುವ ದಾರಿ ಇದೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲಿ. ಅಮೆರಿಕದ ಫ್ಲಾರಿಡಾ ರಾಜ್ಯ 2013ರಲ್ಲೇ ಕಾನೂನು ಮಾಡಿತು: ಕೆಲವು ಸಂದರ್ಭ ಬಿಟ್ಟರೆ, ಡ್ರೋನ್‌ನಿಂದ ಸಾಕ್ಷ್ಯ ಸಂಗ್ರಹಿಸಲು ಪೊಲೀಸರಿಗೆ ಕೋರ್ಟಿನ ವಾರಂಟ್ ಬೇಕು.

ಪೊಲೀಸ್ ಅನ್ನುವುದು ನಮ್ಮ ಸಂವಿಧಾನದಲ್ಲೂ ರಾಜ್ಯ ಪಟ್ಟಿಯ ವಿಷಯ. ಪೊಲೀಸ್ ಡ್ರೋನ್‌ಗೆ ಇಂಥ ಕಾನೂನಿನ ಮಾತನ್ನು ಬೆಳಗಾವಿ ಅಧಿವೇಶನದಲ್ಲಿ ಒಂದು ಮಧ್ಯಾಹ್ನ ಎತ್ತಿಕೊಳ್ಳಬಹುದು. ಕಬ್ಬಿನ ಗಲಾಟೆ ಮುಗಿದ ಮೇಲಾದರೂ ಸರಿ.