ಬಾವಿಕಟ್ಟೆಯ ಗಂಡು ಜೇಡ: ಎಂಟು ಕಣ್ಣುಗಳೂ ಕೊನೆಗೆ ಕಂಡವು

ಮೂರು ಮಳೆಗಾಲಗಳಿಂದ ಕಾಡುತ್ತಿದ್ದ ಕಪ್ಪು ಜೇಡದ ಕುಟುಂಬ ಯಾವುದೆಂದು ನಿನ್ನೆ ರಾತ್ರಿ ಖಚಿತವಾಯಿತು. ಪೆರ್ಲದ ಸಮೀಪದ ನಮ್ಮ ಹಿತ್ತಿಲಲ್ಲಿ ಮೊದಲ ಮಳೆ ಬಿದ್ದು ನಾಲ್ಕಾರು ದಿನ ಕಳೆದರೆ ಸಾಕು, ಹೆಣ್ಣನ್ನು ಹುಡುಕುತ್ತ ಬಿಲ ಬಿಟ್ಟ ಗಂಡುಗಳು ಬಾವಿಕಟ್ಟೆಯ ಮುರಕಲ್ಲಿನ ಮೇಲೆ ಅಲೆಯತೊಡಗುತ್ತವೆ. ಬಾಯಿಯ ಪಕ್ಕದ ಕಿರುಕಾಲಿನಂಥ ಅಂಗದ, ಅಂದರೆ ಪೆಡಿಪಾಲ್ಪಿನ, ತುದಿ ಉಬ್ಬಿರುವುದರಿಂದ ಅದು ಗಂಡೆಂಬುದರಲ್ಲಿ ಸಂಶಯವಿರಲಿಲ್ಲ. ಮುಂಗಾಲಿನ ಕೊಕ್ಕೆಯನ್ನು ಕಂಡು ನಾನು ಅದನ್ನು ಟರಾಂಟುಲಾಗಳೆಂಬ ದೊಡ್ಡ ರೋಮದ ಜೇಡಗಳ ಸಾಲಿಗೆ ಸೇರಿಸಿದ್ದೆ. ಆದರೆ ಕೂಡುವಾಗ ಹೆಣ್ಣನ್ನು ತಡೆದು ಹಿಡಿಯುವ ಅಂಥ ಕೊಕ್ಕೆ ಮುಚ್ಚಳದ ಬಿಲ ಮಾಡುವ ಟ್ರ್ಯಾಪ್‌ಡೋರ್ ಜೇಡಗಳ ಗಂಡುಗಳಲ್ಲಿಯೂ ಇರುತ್ತದೆ. ಗಂಡು ತೆಳ್ಳಗೆ, ಉದ್ದ ಕಾಲಿನದ್ದಾಗಿರುವುದರಿಂದ ಹೆಣ್ಣಿನ ಚಿತ್ರಗಳೊಂದಿಗೆ ಹೋಲಿಸಿ ನೋಡಿದ್ದೂ ಉಪಯೋಗಕ್ಕೆ ಬರಲಿಲ್ಲ.

ತೀರ್ಮಾನ ಕಣ್ಣುಗಳಲ್ಲಿತ್ತು. ಟರಾಂಟುಲಾದ ಎಂಟು ಕಣ್ಣುಗಳೂ ಒಂದೇ ಸಣ್ಣ ದಿಬ್ಬದ ಮೇಲೆ ಒತ್ತಾಗಿರುತ್ತವೆ. ಟ್ರ್ಯಾಪ್‌ಡೋರ್ ಜೇಡಗಳ ಇಡಿಯೊಪಿಡೇ ಕುಟುಂಬದ ಇಡಿಯೊಪ್ಸ್ ಕುಲದಲ್ಲಿಯಾದರೋ ಎರಡು ಕಣ್ಣುಗಳು ಮುಖದ ಅಂಚಿನವರೆಗೆ ಮುಂದೆ ಸರಿದು, ಉಳಿದ ಆರು ಹಿಂದೆ ಗುಂಪಾಗಿ ಉಳಿಯುತ್ತವೆ. ಇದನ್ನು ಫೋಟೋದಲ್ಲಿ ಹಿಡಿಯುವುದೇ ದೊಡ್ಡ ಕಷ್ಟವಾಯಿತು. ಮೊಬೈಲಿಗೆ ಸಿಕ್ಕಿಸುವ ಲೆನ್ಸ್ ಒಂದನ್ನು ತರಿಸಿದ್ದೆ, ನಡುವಿನ ಚುಕ್ಕೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಸುಕು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲೂ ಒಪ್ಪಲಿಲ್ಲ. ಹಣ ಕೊಟ್ಟವನಿಗೆ ಇಷ್ಟಾದರೂ ನ್ಯಾಯ ಸಿಗಬೇಕಿತ್ತು. ಜೇಡವನ್ನಿಟ್ಟ ಗಾಜಿನ ಭರಣಿಯ ಬಾಗಿದ ಮೈಯಲ್ಲಿ ಟಾರ್ಚಿನ ಬೆಳಕು ಒಡೆದು, ಕಪ್ಪು ಬೆನ್ನಿನ ಮೇಲೆ ಎಂಟಲ್ಲ, ಇಪ್ಪತ್ತು ಕಣ್ಣುಗಳು ಹೊಳೆದಂತೆ ಕಾಣುತ್ತಿತ್ತು.

ನಿನ್ನೆ ಚಪ್ಪಟೆ ಮುಚ್ಚಳದ ಡಬ್ಬಿಯ ತಳಕ್ಕೆ ಒದ್ದೆ ಸ್ಪಂಜನ್ನಿಟ್ಟು, ಜೇಡವನ್ನು ಅದರ ಮೇಲೆ ಬಿಟ್ಟು, ಮುಚ್ಚಳಕ್ಕೆ ಬೆನ್ನು ತಾಗುವಷ್ಟೇ ಮೆಲ್ಲಗೆ ಸ್ಪಂಜನ್ನು ಮೇಲಕ್ಕೆತ್ತಿದೆ. ಟಾರ್ಚಿಗೆ ಬಿಳಿ ಪಂಚೆಯ ತುಂಡನ್ನು ಎರಡು ಮಡಿಕೆ ಸುತ್ತಿ ಓರೆಯಾಗಿ ಹಿಡಿದೊಡನೆ ಹೊಳಪು ಅಡಗಿತು: ಮುಂದೆ ಸಾಸಿವೆಗಿಂತಲೂ ಸಣ್ಣ ಎರಡು ಬಿಂದುಗಳು, ನಡುವೆ ಖಾಲಿ ಜಾಗ, ಹಿಂದೆ ಆರು. ಕುಟುಂಬ ಇಡಿಯೊಪಿಡೇ. ಪ್ರಭೇದವನ್ನು ಹೇಳಲು ಪೆಡಿಪಾಲ್ಪಿನ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ್ದರಿಂದ ಟಿಪ್ಪಣಿಯಲ್ಲಿ ಅಷ್ಟಕ್ಕೇ ನಿಲ್ಲಿಸಿದ್ದೇನೆ. ಅದಕ್ಕಾಗಿ ಜೇಡವನ್ನು ಕೊಲ್ಲಲು ನನಗೆ ಮನಸ್ಸಿಲ್ಲ.

ಇದೇ ಡಬ್ಬಿ ಚೇಳುಗಳಿಗೂ ಒದಗೀತು. ಅತಿನೇರಳೆ ಟಾರ್ಚಿನಡಿ ಅವು ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತವೆ. ತೋಟದ ಅಗಳಿನ ಕಲ್ಲುಸಂದುಗಳನ್ನು ಹಾಗೆ ಹುಡುಕಬೇಕೆಂದಿದ್ದೇನೆ. ಅದಕ್ಕೆ ಮೊದಲು ಬಾವಿಯ ಹಿಂದಿನ ಧರೆಯಲ್ಲಿ ಹೆಣ್ಣಿನ ಬಿಲದ ಮುಚ್ಚಳ ಸಿಗಬೇಕು. ಇವತ್ತು ಕತ್ತಲಾದ ಮೇಲೆ ಗಂಡನ್ನು ಅಲ್ಲಿಯೇ ಬಿಟ್ಟೆ. ಅದು ಪಾಚಿಯ ಮೇಲೆ ಮುಂಗಾಲುಗಳಿಂದ ತಡವುತ್ತ ಎಡಕ್ಕೆ ಹೋಯಿತು.